ದಸರಾ ರಜೆಗೆ ಹೋಂಸ್ಟೇ: ಕೊಡಗೋ, ಚಿಕ್ಕಮಗಳೂರೋ, ಸಕಲೇಶಪುರವೋ, ಶಿರಸಿಯೋ?

ಪ್ರಶ್ನೆ: ಅಕ್ಟೋಬರ್ 16ರಿಂದ 3 ರಾತ್ರಿ, ಬೆಂಗಳೂರಿನಿಂದ ಸ್ವಂತ ಕಾರು. 4 ದೊಡ್ಡವರು, 9 ಮತ್ತು 4 ವರ್ಷದ ಮಕ್ಕಳು. ಅಮ್ಮನಿಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು. 35 ಸಾವಿರದೊಳಗೆ ಮುಗಿಯಬೇಕು. ಯಾವ ಕಡೆ ಹೋಗುವುದು ಒಳ್ಳೆಯದು?

ಕಾವೇರಿತೀರ: ಕೊಡಗು, ಬೇರೆ ಮಾತೇ ಇಲ್ಲ. ಆದರೆ ತಲೆ ಲೆಕ್ಕದ ದರ ಕೇಳಿದ ಕೂಡಲೇ ಒಪ್ಪಿಬಿಡಬೇಡಿ. ತಲೆಗೆ 2,200 ಎಂದರೆ ನಾಲ್ವರಿಗೆ 8,800. 9 ವರ್ಷದ ಮಗುವಿಗೆ ಅರ್ಧ ದರ, 1,100. ಚಿಕ್ಕದಕ್ಕೆ ಸಾಮಾನ್ಯವಾಗಿ ಏನೂ ಹಿಡಿಯುವುದಿಲ್ಲ. ರಾತ್ರಿಗೆ 9,900, ಮೂರು ರಾತ್ರಿಗೆ 29,700. ಅದರಲ್ಲಿ ಸಂಜೆ ಕಾಫಿ, ರಾತ್ರಿ ಊಟ, ಬೆಳಗಿನ ತಿಂಡಿ ಅಷ್ಟೇ. ಮಧ್ಯಾಹ್ನದ ಊಟ ಹೊರಗೆ, ಆರು ಜನಕ್ಕೆ ದಿನಕ್ಕೆ ಸಾವಿರವಾದರೂ ಇಟ್ಟುಕೊಳ್ಳಿ. ಸಂಜೆ ಬೆಂಕಿ ಹಾಕಿಸಿದರೆ ಸೌದೆಗೆ 500ರ ಮೇಲೆ. ಮಾಂದಲಪಟ್ಟಿ ಗುಡ್ಡಕ್ಕೆ ಜೀಪಿನ ಬಾಡಿಗೆ 2 ಸಾವಿರದ ಆಸುಪಾಸು, ಆ ದಾರಿಯ ಕುಲುಕಾಟದಲ್ಲಿ ಅಮ್ಮನನ್ನು ಕೂರಿಸಲೇಬೇಡಿ. 35 ಸಾವಿರ ಅಲ್ಲಿಗೇ ಮುಗಿಯಿತು, ಪೆಟ್ರೋಲು ಬೇರೆ.

ಇನ್ನೊಂದು ವಿಷಯ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ. ಭಾಗಮಂಡಲ ರಸ್ತೆ ಆ ದಿನ ಜನಸಾಗರ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ; ಪೇಟೆಯಲ್ಲಿ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ದರ ಎರಡರಷ್ಟು. ಪೇಟೆ ಬಿಟ್ಟು ಕುಶಾಲನಗರದ ಕಡೆ ಹಿಡಿಯಿರಿ. ಗಾಳಿಬೀಡು, ಭಾಗಮಂಡಲದ ಕಡೆಗಿಂತ ಅಲ್ಲಿ ಮಳೆ ಎಷ್ಟೋ ಕಡಿಮೆ.

ಕೈಮರ_ತಿರುವು: ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದಾರೆ, ನೀವು ಜೀಪಿನ ಲೆಕ್ಕ ಹೇಳುತ್ತಿದ್ದೀರಿ! ಕೊಡಗಿನಲ್ಲಿ ರೈಲು ನಿಲ್ದಾಣವೇ ಇಲ್ಲ, ಕಾರು ಕೈಕೊಟ್ಟರೆ ಮೈಸೂರಿನ ತನಕ ಗತಿಯಿಲ್ಲ. ಚಿಕ್ಕಮಗಳೂರಿಗೆ 2013ರಿಂದ ರೈಲಿದೆ. ಹಾಸನ, ಬೇಲೂರಿನ ಮೇಲೆ ಬಂದರೆ 245 ಕಿಲೋಮೀಟರ್, ಬೇಲೂರು ದೇವಸ್ಥಾನ ದಾರಿಯಲ್ಲೇ.

ಆದರೆ ಮುಳ್ಳಯ್ಯನಗಿರಿಯ ಕಡೆ ಹೋಗುವುದಾದರೆ ವಾಹನಕ್ಕೆ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿ. ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿ. ಬುಕ್ ಮಾಡದೆ ಹೋಗಿ ಕೈಮರ ಚೆಕ್‌ಪೋಸ್ಟಿನಲ್ಲಿ ವಾದ ಮಾಡುವವರನ್ನು ಪ್ರತಿ ಶನಿವಾರ ನೋಡಬಹುದು. 1,930 ಮೀಟರ್ ಎತ್ತರದ ಗುಡ್ಡ, ಕಾರು ನಿಲ್ಲಿಸಿದ ಮೇಲೂ ನೂರಾರು ಮೆಟ್ಟಿಲು. ಅಮ್ಮ ಕೆಳಗೇ ಕೂರಬೇಕು, ಅಲ್ಲಿಯ ಗಾಳಿಗೆ ಶಾಲು ಸಾಲದು, ಸ್ವೆಟರ್ ಬೇಕು.

ಫೋನಿನಲ್ಲಿ ‘ವ್ಯೂ ಚೆನ್ನಾಗಿದೆಯಾ’ ಅಂತ ಕೇಳಬೇಡಿ. ಕೋಣೆ ನೆಲಮಟ್ಟದಲ್ಲಿದೆಯೇ, ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಕಮೋಡ್ ಇದೆಯೇ, ಅದರ ಪಕ್ಕದ ಗೋಡೆಗೆ ಹಿಡಿಕೆ ಇದೆಯೇ, ಕರೆಂಟು ಹೋದರೆ ಗೀಸರಿಗೆ ಜನರೇಟರ್ ಎಳೆಯುತ್ತದೆಯೇ, ಇಷ್ಟು ಕೇಳಿ. ಯುಪಿಎಸ್ ಇದೆ ಎಂದರೆ ದೀಪ, ಫ್ಯಾನು ಮಾತ್ರ. ಬಿಸಿನೀರು ಇಲ್ಲ ಎಂದೇ ಅರ್ಥ.

ಹಂಡೆನೀರು: ಬಿಸಿನೀರಿಗೆ ಗೀಸರ್ ಯಾಕೆ ಬೇಕು? ಶಿರಸಿ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಐದಕ್ಕೇ ಹಂಡೆ ಒಲೆಗೆ ಬೆಂಕಿ. ಸೋಗೆ, ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ನೀರಿಗೆ ಕರೆಂಟಿನ ಹಂಗಿಲ್ಲ. ಸಸ್ಯಾಹಾರಿಗಳು ಎಂದ ಮೇಲೆ ಯೋಚನೆಯೇ ಬೇಡ, ಹವ್ಯಕರ ಮನೆಯೇ ಸರಿ. ತಂಬುಳಿ, ಅಪ್ಪೆಹುಳಿ, ತೆಳ್ಳೇವು, ತೊಡೆದೇವು. ಬೇರೆ ಕಡೆ ‘ವೆಜ್ ಕೂಡ ಮಾಡುತ್ತೇವೆ’ ಅನ್ನುತ್ತಾರೆ, ಆಮೇಲೆ ಮೂರು ರಾತ್ರಿಯೂ ಅದೇ ಪನೀರು.

400 ಕಿಲೋಮೀಟರ್ ದಾಟುತ್ತದೆ, ನಿಜ. ಕಾರು ಬಿಡಿ. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿ, ಬೆಳಿಗ್ಗೆ ಇಳಿದು, ಅಲ್ಲಿಂದ ಸಿದ್ದಾಪುರದ ಮೇಲೆ ಟ್ಯಾಕ್ಸಿಯಲ್ಲಿ ಸುಮಾರು 55 ಕಿಲೋಮೀಟರ್. ಅಮ್ಮನಿಗೆ ಕೆಳಗಿನ ಬರ್ತ್ ಹಿಡಿಯಿರಿ. ಬನವಾಸಿಯಲ್ಲಿ ಏರುವುದು ಇಳಿಯುವುದು ಇಲ್ಲ, ಮಧುಕೇಶ್ವರನನ್ನು ನಿಧಾನಕ್ಕೆ ನೋಡಬಹುದು. ಯಾಣ ಬೇಡ, ಮೆಟ್ಟಿಲಿದೆ. ಸಹಸ್ರಲಿಂಗಕ್ಕೂ ಅಕ್ಟೋಬರ್ ಸರಿಯಾದ ಕಾಲವಲ್ಲ, ಶಾಲ್ಮಲೆಯಲ್ಲಿ ನೀರು ಇಳಿಯದೆ ಲಿಂಗಗಳು ಮುಳುಗಿರುತ್ತವೆ. ಒಂದೇ ಎಚ್ಚರಿಕೆ: ಹಳೇ ಮನೆಯಾದರೆ ಬಚ್ಚಲು ಹಿತ್ತಲಲ್ಲಿರುತ್ತದೆ, ಅಂಗಳದ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಕೋಣೆಗೆ ಸೇರಿದ ಬಚ್ಚಲೇ ಬೇಕು ಎಂದು ಹೇಳಿ ಬುಕ್ ಮಾಡಿ.

ಕಾವೇರಿತೀರ: ಚಿಕ್ಕ ಮಗುವನ್ನು ಕರೆದುಕೊಂಡು ಮಂಗನ ಕಾಯಿಲೆಯ ಸೀಮೆಗೆ ಹೋಗಿ ಅನ್ನುತ್ತೀರಾ?

ಹಂಡೆನೀರು: ತಿಳಿದು ಮಾತಾಡಿ. ಆ ಕಾಯಿಲೆ ಹೆಚ್ಚುವುದು ಜನವರಿಯಿಂದ ಮೇ ತನಕ, ಅದನ್ನು ಹರಡುವ ಮರಿ ಉಣ್ಣೆಗಳು ಏಳುವ ಕಾಲದಲ್ಲಿ. ಅವರು ಹೋಗುವುದು ಅಕ್ಟೋಬರಿನಲ್ಲಿ. 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಶಿರಸಿಯಲ್ಲಲ್ಲ. ಕೊಪ್ಪ, ನರಸಿಂಹರಾಜಪುರದಲ್ಲೂ ಬರುತ್ತದೆ, ಚಿಕ್ಕಮಗಳೂರಿನವರಿಗೆ ಅದನ್ನು ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಹೋಗುವವರು ಕಾಡಿಗೆ ಕಾಲಿಡುವ ಮೊದಲು ಉಣ್ಣೆ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಊರನ್ನೇ ಬಿಡಬೇಕಾಗಿಲ್ಲ.

ಹಸಿರುದಾರಿ: ಇಬ್ಬರೂ ಜಗಳ ನಿಲ್ಲಿಸಿ. 3 ರಾತ್ರಿಗೆ, ಮಕ್ಕಳ ಜೊತೆ, ಸಕಲೇಶಪುರವೇ ಹತ್ತಿರ: 220 ಕಿಲೋಮೀಟರ್. ಮಗು ವಾಂತಿ ಮಾಡುವ ಘಟ್ಟ ಶುರುವಾಗುವುದು ಊರು ದಾಟಿದ ಮೇಲೆ. ಆದರೆ ಮುಖ್ಯರಸ್ತೆಯಿಂದ ಎಸ್ಟೇಟಿಗೆ ಹೋಗುವ ಕೊನೆಯ 3 ಕಿಲೋಮೀಟರ್ ಏನಾಗಿದೆ ಎಂದು ಆ ವಾರದ ವಿಡಿಯೊ ತರಿಸಿಕೊಳ್ಳಿ. ಮಣ್ಣುದಾರಿಯ ನಡುವೆ ದಿಬ್ಬ ಎದ್ದಿದ್ದರೆ ಸಣ್ಣ ಕಾರಿನ ಹೊಟ್ಟೆ ತಾಗಿ ಆಯಿಲ್ ಸಂಪ್ ಒಡೆಯುತ್ತದೆ, ಟೋಯಿಂಗ್ ಗಾಡಿ ಅಲ್ಲಿಗೆ ಬರಲು ಒಪ್ಪುವುದಿಲ್ಲ. ‘ಪಿಕಪ್ ಜೀಪು ಉಚಿತವೋ, ಸಲಕ್ಕೆ ಎಷ್ಟು’ ಎಂದೂ ಕೇಳಿ.

ಕಾವೇರಿತೀರ: ಆನೆ ವಿಷಯ ಯಾಕೆ ಬಿಟ್ಟಿರಿ?

ಹಸಿರುದಾರಿ: ಬಿಟ್ಟಿಲ್ಲ, ಬರುತ್ತಿದ್ದೆ. ಸಕಲೇಶಪುರ, ಆಲೂರಿನಲ್ಲಿ ಆನೆ ಇದೆ. ನಿಮ್ಮ ಕೊಡಗಿನ ಸಿದ್ದಾಪುರ, ವಿರಾಜಪೇಟೆಯಲ್ಲೂ ಇದೆ. ಬೆಳಿಗ್ಗೆ ಏಳರೊಳಗೆ, ಸಂಜೆ ಆರರ ಮೇಲೆ ತೋಟದಲ್ಲಿ ನಡೆಯಬಾರದು. ಮಂಜು ಮುಸುಕಿದ್ದರೆ ಹತ್ತು ಮಾರು ದೂರದ ಆನೆಯೂ ಕಾಣಿಸುವುದಿಲ್ಲ. ಅರಣ್ಯ ಇಲಾಖೆಯ ಸಂದೇಶ ಮಾಲೀಕರ ಫೋನಿಗೆ ಬರುತ್ತದೆ, ಅದಕ್ಕೇ ಮಾಲೀಕರು ಅಲ್ಲೇ ವಾಸವಿರುವ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಮನೆಯನ್ನೇ ಹಿಡಿಯಿರಿ. ನೋಂದಣಿ ಸಂಖ್ಯೆ ಕೇಳಿದರೆ ಮಾತು ತಿರುಗಿಸುವವರಿಗೆ ಮುಂಗಡ ಕೊಡಬೇಡಿ. ಮಳೆಯ ಎಚ್ಚರಿಕೆ ಬಂದು ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ ಮುಂಗಡ ವಾಪಸೋ, ದಿನಾಂಕ ಬದಲೋ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆಮೇಲೆ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: ಇಂಬಳ (ಜಿಗಣೆ) ಇನ್ನೂ ಇರುತ್ತದೆಯೇ? ಮಕ್ಕಳು ಹೆದರುತ್ತಾರೆ.

ಕೈಮರ_ತಿರುವು: ಅಕ್ಟೋಬರಿನಲ್ಲಿ ಇರುತ್ತದೆ. ಸುಣ್ಣ, ಹೊಗೆಸೊಪ್ಪು ಕಲಸಿ ಕಾಲಿಗೆ ಹಚ್ಚಿ.

ಹಂಡೆನೀರು: ನಾಲ್ಕು ವರ್ಷದ ಮಗುವಿನ ಕಾಲಿಗೆ ಸುಣ್ಣವೇ? ಚರ್ಮ ಸುಡುತ್ತದೆ! ಉಪ್ಪು ಸಾಕು.

ಕೈಮರ_ತಿರುವು: ಉಪ್ಪು ಹುಲ್ಲಿನ ನೀರಿಗೆ ಐದೇ ನಿಮಿಷದಲ್ಲಿ ಕರಗಿ ಹೋಗುತ್ತದೆ. ಕಚ್ಚಿದ ಇಂಬಳದ ಮೇಲೆ ಹಾಕಿದರೆ ಕುಡಿದದ್ದನ್ನು ಗಾಯಕ್ಕೇ ಕಕ್ಕುತ್ತದೆ. ಮೈಗೆ ಹಚ್ಚಿ ಅಂದದ್ದು ತಪ್ಪು, ಒಪ್ಪಿದೆ. ಪ್ಯಾಂಟನ್ನು ಉದ್ದ ಸಾಕ್ಸಿನೊಳಗೆ ಸೇರಿಸಿ, ಸಾಕ್ಸಿನ ಹೊರಗೆ ಸವರಿ. ಕಚ್ಚಿದ್ದರೆ ಉಗುರನ್ನು ಅದರ ಬಾಯಿಯ ಅಡಿಗೆ ಸರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡಿರುತ್ತದೆ, ನಿಲ್ಲಲು ಹೊತ್ತು ಹಿಡಿಯುತ್ತದೆ.

ಹಂಡೆನೀರು: ಬಿಡಿಸುವ ಕ್ರಮ ಸರಿ. ಸುಣ್ಣದ ಸಾಕ್ಸನ್ನು ಮಗು ತಾನೇ ಕಳಚಿ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಯಾರು ಹೊಣೆ? ಮಗುವಿಗೆ ಬರೀ ಉದ್ದ ಸಾಕ್ಸ್ ಹಾಕಿ, ಅಂಗಳ ದಾಟಿಸಬೇಡಿ.