ಚಂದ್ರನಲ್ಲಿ ಮನೆ ಕಟ್ಟುವ ಯೋಚನೆಗೂ ಪ್ರಶಸ್ತಿ ಇದೆಯೇ?

ಬದಿಯಡ್ಕದ ಮಾಷ್ಟ್ರು: ಆಗಸ್ಟ್ 23ರ ಬಾಹ್ಯಾಕಾಶ ದಿನಕ್ಕೆ ರಸಪ್ರಶ್ನೆ ಬರೆಯುತ್ತಿದ್ದೇನೆ. ಮಲಯಾಳದಲ್ಲಿ ಸಾಮಗ್ರಿ ರಾಶಿ ಸಿಗುತ್ತದೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನೇ ಕುಟ್ಟಿ ಪುಡಿ ಮಾಡಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮೇಲಿನ ಪ್ರಶ್ನೆ ಕೇಳಿದಳು. ತಿಳಿದವರು ಹೇಳಿ.

ಕುಂಬಳೆಯವನು: ಇದೆ ಮಾಷ್ಟ್ರೇ. ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಹೆಸರಿನಲ್ಲಿ ಕೊಡುತ್ತದೆ. 2018ರಲ್ಲಿ ಜೆಫ್ ಬೆಜೋಸ್‌ಗೆ ಸಿಕ್ಕಿತು. ಆದರೆ ಓನೀಲ್ ಮನೆ ಕಟ್ಟಿದ್ದು ಚಂದ್ರನಲ್ಲಲ್ಲ, ಬಾಹ್ಯಾಕಾಶದಲ್ಲಿ ಗಿರಗಿರನೆ ತಿರುಗುವ ಭಾರೀ ಕೊಳವೆಯೊಳಗೆ, ಅದೂ ಕಾಗದದ ಮೇಲೆ. ಜಾತ್ರೆಯ ಮರಣಬಾವಿಯಲ್ಲಿ ಬೈಕು ಗೋಡೆಗೆ ಅಂಟುವುದಿಲ್ಲವೇ, ಹಾಗೆ ಅಲ್ಲಿ ಕಾಲು ನೆಲಕ್ಕೆ ನಿಲ್ಲುತ್ತದೆ. ಅದೇ ಸಂಸ್ಥೆಯ ಸ್ಪೇಸ್ ಪಯನಿಯರ್ ಪ್ರಶಸ್ತಿ 2009ರಲ್ಲಿ ಚಂದ್ರಯಾನ-1 ತಂಡಕ್ಕೆ, 2015ರಲ್ಲಿ ಮಂಗಳಯಾನ ತಂಡಕ್ಕೆ ಬಂದಿದೆ.

ಪೆರ್ಲದ ಅಜ್ಜ: ಇಸ್ರೋ ಅಧ್ಯಕ್ಷರಾಗಿದ್ದ ನಮ್ಮ ಅದಮಾರಿನ ಯು.ಆರ್. ರಾವ್ ಅವರನ್ನು ಬಿಟ್ಟಿರೋ! 2013ರಲ್ಲಿ ವಾಷಿಂಗ್ಟನ್ನಿನ ಸ್ಯಾಟಲೈಟ್ ಹಾಲ್ ಆಫ್ ಫೇಮ್ (ಉಪಗ್ರಹ ಕ್ಷೇತ್ರದ ಸಾಧಕರ ಗೌರವಪಟ್ಟಿ) ಸೇರಿದ ಮೊದಲ ಭಾರತೀಯರು ಅವರು. ಅದನ್ನೇ ಮೊದಲ ಪ್ರಶ್ನೆಯಾಗಿ ಇಡಿ.

ಬದಿಯಡ್ಕದ ಮಾಷ್ಟ್ರು: ಇಟ್ಟೆ ಅಜ್ಜ. ಹುಡುಗಿಗೂ ಕೊಳವೆಯ ಕಥೆ ಹೇಳಿದೆ. ಅವಳ ಮುಂದಿನ ಪ್ರಶ್ನೆ: “ಅಲ್ಲಿ ಅಡಿಕೆ ಒಣಗಿಸಲು ಬಿಸಿಲು ಎಲ್ಲಿಂದ?”

ಕುಂಬಳೆಯವನು: ಹೊರಗೆ ದೊಡ್ಡ ಕನ್ನಡಿಗಳಿವೆ, ಕಿಟಕಿಯಿಂದ ಬಿಸಿಲನ್ನು ಒಳಗೆ ತಿರುಗಿಸುತ್ತವೆ. ಮಳೆಗಾಲದ ಕಾಟವಿಲ್ಲ ಎಂದು ಹೇಳಿ.