ಕೊಪ್ಪದ ಮನೆ ಗುಂಪಿನಲ್ಲಿ ಆಸ್ಪಿರಿನ್ ಜಗಳ

ಸತೀಶ ಭಾವ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಟೆನ್ಶನ್ ಆದ್ರೆ ರಕ್ತದಲ್ಲಿ ಪಿ38 ಎಂಬ ಕಿಣ್ವ ಎದ್ದು ರಕ್ತ ಗಟ್ಟಿ ಮಾಡುತ್ತೆ!! ಹಾಸನದ ಹಾರ್ಟ್ ಅಟ್ಯಾಕ್‌ಗಳಿಗೆ ಇದೇ ಕಾರಣ. ದಿನಾ ಒಂದು ಆಸ್ಪಿರಿನ್, ಕಿಣ್ವ ಬಂದ್ 🙏

ದೊಡ್ಡಪ್ಪ: ರಾತ್ರಿ ಹನ್ನೆರಡರವರೆಗೆ ಫೋನ್ ಒತ್ತಿದ್ರೆ ಇನ್ನೇನಾಗುತ್ತೆ.

ರಮ್ಯ: ಭಾವ, ಇದನ್ನ ಬರೆದಿದ್ದು ಯಾರು? ಕಿಣ್ವ ಇರೋದೇನೋ ನಿಜ. ಆದ್ರೆ ಪ್ಲೇಟ್ಲೆಟ್‌ನಲ್ಲಿ, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಪುಟ್ಟ ಕಣದಲ್ಲಿ, ಅದನ್ನ ಎಬ್ಬಿಸೋದು ಆಫೀಸ್ ಟೆನ್ಶನ್ ಅಲ್ಲ. ರಕ್ತನಾಳ ಹರಿದಾಗ ತಾಗೋ ಅದರ ಗೋಡೆಯ ಕೊಲಾಜೆನ್ ಪ್ರೋಟೀನು, ಅಲ್ಲೇ ಹುಟ್ಟೋ ಹೆಪ್ಪುಗಟ್ಟಿಸೋ ಕಿಣ್ವ ಥ್ರಾಂಬಿನ್. ಪಿ38 ಎದ್ದ ಮೇಲೆ ಪ್ಲೇಟ್ಲೆಟ್ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನಂಶ ಬಿಡುಗಡೆ, ಕಾಕ್ಸ್-1 ಅನ್ನೋ ಇನ್ನೊಂದು ಕಿಣ್ವದ ಕೈಗೆ ಸಿಕ್ಕಿ ಕೊನೆಗೆ ಥ್ರಾಂಬಾಕ್ಸೇನ್ ಅನ್ನೋ ರಾಸಾಯನಿಕ. ಅದು ಪಕ್ಕದ ಪ್ಲೇಟ್ಲೆಟ್‌ಗಳನ್ನ ಕರೆದು ಅಂಟಿಸುತ್ತೆ. ಆಸ್ಪಿರಿನ್ ಕಟ್ಟಿಹಾಕೋದು ಕಾಕ್ಸ್-1 ಅನ್ನ. ಅದರ ಗುರಿ ಪಿ38 ಅಲ್ವೇ ಅಲ್ಲ.

ಸತೀಶ ಭಾವ: ಕೊರೋನಾ ಟೈಮಲ್ಲಿ ನನ್ನ ಕಷಾಯಕ್ಕೂ ಹಿಂಗೇ ಕೊಂಕು ತೆಗೆದಿದ್ದೆ.

ಚಿಕ್ಕಮ್ಮ: ಕಷಾಯ ಅಂದ್ರೆ ಅಜ್ಜಿದು ಮಾರಾಯ್ರೆ. ಆ ತಾಮ್ರದ ಚೆಂಬು ಈಗ ಯಾರ ಮನೇಲಿದೆ?

ಕಿರಣ: ಯಾರ ಮನೇಲಿದೆ ಅಂತ ಎಲ್ಲರಿಗೂ ಗೊತ್ತು 😀
ಭಾವ, ಪಿ38 ಬಂದ್ ಮಾಡಿದ್ರೂ ಕಷ್ಟವೇ. ಬ್ಯಾಕ್ಟೀರಿಯಾದ ವಿಷ ತಾಗಿದಾಗ ಬಿಳಿ ರಕ್ತಕಣ ಉರಿಯೂತದ ಸಂದೇಶ ಸಾರೋ ಟಿಎನ್‌ಎಫ್ ಪ್ರೋಟೀನು ಸುರಿಸೋಕೆ ಅದೇ ಬೇಕು. ಪಿ38ಗೆ ಮೇಲಿಂದ ಆಜ್ಞೆ ಕೊಡೋ ಆಸ್ಕ್-1 ಅನ್ನೋ ಕಿಣ್ವ ತೆಗೆದ ಇಲಿಗಳಿಗೆ ಬಾಲ ಕುಯ್ದರೆ ರಕ್ತ ಬೇಗ ನಿಲ್ಲಲ್ಲ. ಮನುಷ್ಯರಲ್ಲೂ ನೋಡಿದ್ದಾರೆ: ಪಿ38 ತಡೆಯೋ ಲೊಸ್ಮಾಪಿಮಾಡ್, 7.5 ಮಿ.ಗ್ರಾಂ ದಿನಕ್ಕೆರಡು ಸಲ, 12 ವಾರ, ಹಾರ್ಟ್ ಅಟ್ಯಾಕ್ ಆಗಿದ್ದ ಸುಮಾರು 3,500 ಜನಕ್ಕೆ. 2016ರಲ್ಲಿ ಫಲಿತಾಂಶ ಬಂತು, ಅಪಾಯ ಕಮ್ಮಿ ಆಗಿರಲಿಲ್ಲ.

ದೊಡ್ಡಪ್ಪ: ಓದಿದವರು ದೊಡ್ಡವರಿಗೆ ಪಾಠ ಹೇಳೋ ಕಾಲ.

ರಮ್ಯ: ದೊಡ್ಡಪ್ಪ, ನಮ್ಮೂರಲ್ಲೇ ಹೀಗೆ ಆಸ್ಪಿರಿನ್ ನುಂಗೋದು ಅಪಾಯ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ಪ್ಲೇಟ್ಲೆಟ್ ಇಳಿಯುತ್ತೆ. ಉಳಿದವಕ್ಕೂ ಆಸ್ಪಿರಿನ್ ಬಿದ್ರೆ ರಕ್ತ ಸೋರಬಹುದು. ಪ್ಲೇಟ್ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಾಕ್ಸ್-1 ಮಾಡ್ಕೊಳ್ಳಲ್ಲ. ಒಮ್ಮೆ ಕೆಟ್ಟ ಪ್ಲೇಟ್ಲೆಟ್ ತಾನು ಸಾಯೋವರೆಗೂ ಹಾಗೇ, ಅಂದ್ರೆ 7-10 ದಿನ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ನೂ ಬೇಡ. ಸ್ಟೆಂಟ್ ಹಾಕಿಸ್ಕೊಂಡಿರೋ ಮಾವ ಇದನ್ನ ಓದಿ 75 ಮಿ.ಗ್ರಾಂ ಮಾತ್ರೆ ನಿಲ್ಲಿಸಬೇಡಿ. ಜ್ವರ ಬಂದ್ರೆ ಮೊದಲು ಡಾಕ್ಟ್ರಿಗೆ ಫೋನ್ ಮಾಡಿ.

ಸತೀಶ ಭಾವ: ಇದನ್ನ ನನಗೆ ಕಳಿಸಿದ್ದೇ ದೊಡ್ಡಪ್ಪ. ಅವರನ್ನ ಯಾರೂ ಕೇಳಲ್ಲ.

ದೊಡ್ಡಪ್ಪ: ನಾನು ಕಳಿಸಿದ್ದು ಓದಲಿಕ್ಕೆ. ನುಂಗಲಿಕ್ಕಲ್ಲ.