ಪದಚರ್ಚೆ: ದಿಲ್ಲಿಯ ‘ಮಹಾನಗರ ಪರಿಷತ್ತು’ – ಇದಕ್ಕೆ ಬೇರೆ ಪದ ಬೇಕಾ?

ಎಲ್ಲರಿಗೂ ನಮಸ್ಕಾರ.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂವಿಧಾನ ಪಾಠ ಮಾಡುತ್ತೇನೆ. ಹೋದ ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ.

ದಿಲ್ಲಿ ವಿಧಾನಸಭೆಯ ಬಗ್ಗೆ ನೋಟ್ಸ್ ಕೊಟ್ಟಿದ್ದೆ. ಅದರಲ್ಲಿ ‘1966ರ ಕಾಯ್ದೆಯಿಂದ ದಿಲ್ಲಿಗೆ ಮಹಾನಗರ ಪರಿಷತ್ತು ಬಂತು’ ಅಂತ ಒಂದು ಸಾಲಿತ್ತು. ಟೆಸ್ಟ್ ಪೇಪರ್ ತಿದ್ದುವಾಗ ನೋಡಿದರೆ, ಒಬ್ಬ ಹುಡುಗಿ ‘ಆಗ ದಿಲ್ಲಿಗೆ ಮೇಲ್ಮನೆ ಮಾತ್ರ ಇತ್ತು’ ಅಂತ ಬರೆದಿದ್ದಾಳೆ. ಇನ್ನೊಬ್ಬ ‘ಪಾಲಿಕೆ’ ಅಂತ ಬರೆದು, ಕಾಟು ಹೊಡೆದು, ಮತ್ತೆ ಅದನ್ನೇ ಬರೆದಿದ್ದಾನೆ. ಇಬ್ಬರೂ ಚೆನ್ನಾಗಿ ಓದುವವರೇ. ‘ಪರಿಷತ್ತು’ ಹಿಡಿದವಳು ಮೇಲ್ಮನೆಗೆ ಹೋದಳು, ‘ಮಹಾನಗರ’ ಹಿಡಿದವನು ಪಾಲಿಕೆಗೆ ಹೋದ. ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದ ಕಿವಿಗೆ ‘ಮಹಾನಗರ’ ಅಂದರೆ ಮುಂದೆ ‘ಪಾಲಿಕೆ’ ತಾನೇ ಬರುತ್ತದೆ, ಅಲ್ವಾ?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1952ರಲ್ಲಿ ದಿಲ್ಲಿಗೆ 48 ಸದಸ್ಯರ ವಿಧಾನಸಭೆ ಇತ್ತು. ಚೌಧರಿ ಬ್ರಹ್ಮಪ್ರಕಾಶ್ ಮೊದಲ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ಹೋಯಿತು. ಈ ತಾರೀಖು ನಮಗೆ ಬೇರೆ ಕಾರಣಕ್ಕೆ ಗೊತ್ತು. ಅದೇ ರಾಜ್ಯ ಪುನರ್ವಿಂಗಡಣೆಯಲ್ಲಿ ಧಾರವಾಡ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ನಮ್ಮ ಶಾಸಕರು ಮುಂಬೈ ಅಸೆಂಬ್ಲಿಯಿಂದ ಬೆಂಗಳೂರಿಗೆ ಬಂದರು. ನಮಗೆ ರಾಜ್ಯ ಸಿಕ್ಕ ದಿನವೇ ದಿಲ್ಲಿಯವರ ಸದನ ಹೋಯಿತು. ಪಾಠ ಮಾಡುವಾಗ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಆಮೇಲೆ 1966ರ ಕಾಯ್ದೆಯಿಂದ ಈ ಪರಿಷತ್ತು ಬಂತು. ಜನ ಆರಿಸಿದ 56 ಮಂದಿ, ನಾಮಕರಣವಾದ 5 ಮಂದಿ. ಚರ್ಚೆ ಮಾಡಬಹುದು, ಶಿಫಾರಸು ಮಾಡಬಹುದು. ಕಾಯ್ದೆ ಮಾಡುವಂತಿಲ್ಲ. ಇದು 1990ರವರೆಗೆ ನಡೆಯಿತು. 69ನೇ ತಿದ್ದುಪಡಿಯಿಂದ 239ಎಎ ವಿಧಿ ಬಂದು, 1993ರಲ್ಲಿ 70 ಸ್ಥಾನಗಳ ಈಗಿನ ವಿಧಾನಸಭೆಗೆ ಚುನಾವಣೆ ಆಯಿತು. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಜಮೀನು ಈ ಮೂರರ ಮೇಲೆ ಅದು ಇವತ್ತಿಗೂ ಕಾಯ್ದೆ ಮಾಡುವಂತಿಲ್ಲ. ಆದರೂ ಕಾಯ್ದೆ ಮಾಡುವ ಸದನ ಅದು. ಅದನ್ನು ‘ವಿಧಾನಸಭೆ’ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ತೊಡಕೆಲ್ಲ ನಡುವಿನ ಆ ಸಂಸ್ಥೆಯದು. ಅದು ಮೇಲ್ಮನೆ ಅಲ್ಲ, ಯಾಕೆಂದರೆ ಕೆಳಮನೆಯೇ ಇರಲಿಲ್ಲ. ಪಾಲಿಕೆಯೂ ಅಲ್ಲ. ದಿಲ್ಲಿಗೆ 1958ರಿಂದಲೇ ಬೇರೆ ಪಾಲಿಕೆ ಇತ್ತು, ಎರಡೂ ಒಂದೇ ಊರಲ್ಲಿ ಒಟ್ಟಿಗೆ ನಡೆದವು. ಹಿಂದಿಯ ‘ಮಹಾನಗರ ಪರಿಷದ್’ ಅನ್ನು ನಾವು ಹಾಗೇ ಎತ್ತಿಕೊಂಡಿದ್ದೇವೆ ಅಂತ ನನ್ನ ಅನಿಸಿಕೆ.

‘ಮಹಾನಗರ ಸಭೆ’ ಅನ್ನೋಣ ಅಂದುಕೊಂಡೆ. ಗದಗ-ಬೆಟಗೇರಿಯ ಮಕ್ಕಳು ಅದನ್ನು ದೊಡ್ಡ ನಗರಸಭೆ ಅಂತಲೇ ಓದುತ್ತಾರೆ. ಬಿಟ್ಟೆ. ‘ಸಲಹಾ ಸಮಿತಿ’ ಅಂದರೆ ತೀರಾ ಸಣ್ಣದಾಯಿತು. ವೋಟು ಹಾಕಿ ಆರಿಸಿದ 56 ಜನರನ್ನು ಸಮಿತಿ ಅನ್ನುವುದು ಸರಿಯಲ್ಲ. ಈಗ ನನ್ನ ಮನಸ್ಸು ‘ಮಹಾನಗರ ಮಂಡಳಿ’ ಕಡೆಗಿದೆ. ಆಡಳಿತ ಮಂಡಳಿ, ವಿದ್ಯುತ್ ಮಂಡಳಿ ಅಂತೆಲ್ಲ ಅನ್ನುತ್ತೇವೆ. ಅಲ್ಲಿ ಕಾಯ್ದೆ ಮಾಡುವ ಅರ್ಥ ಬರುವುದಿಲ್ಲ. ಆದರೆ ಜನರಿಂದ ಆರಿಸಿ ಬಂದವರು ಅನ್ನುವ ಅರ್ಥವೂ ಬರುವುದಿಲ್ಲ. ಅದೇ ಕೊರತೆ.

ನಮ್ಮಲ್ಲೇ ಪಾಠ ಮಾಡುವ ಹಿರಿಯರೊಬ್ಬರು ಚಹಾ ಕುಡಿಯುತ್ತಾ ಇದನ್ನೆಲ್ಲ ಕೇಳಿಸಿಕೊಂಡರು. ಕಪ್ಪು ಕೆಳಗಿಟ್ಟು, ‘ಯಾಕ್ರೀ, ಜಿಲ್ಲಾ ಪರಿಷತ್ ಮರ್ತ್ರೇನು? ಅದೇನ್ ಕಾಯ್ದೆ ಮಾಡ್ತಿತ್ತೇನ್ರಿ?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ಆದದ್ದನ್ನು ಕಂಡವರಿಗೆ ‘ಪರಿಷತ್ತು’ ಅಂದರೆ ಮೇಲ್ಮನೆ ಅಂತ ಅನ್ನಿಸಬೇಕಿಲ್ಲ. ಜನ ಆರಿಸಿದ್ದು, ಕಾಯ್ದೆ ಮಾಡದ್ದು. ದಿಲ್ಲಿಯ ಸಂಸ್ಥೆಗೆ ಸರಿಯಾಗಿ ಹೊಂದುತ್ತದೆ! ಆದರೆ 1993ರ ಕಾಯ್ದೆಯಿಂದ ಅದು ‘ಜಿಲ್ಲಾ ಪಂಚಾಯತಿ’ ಆಯಿತು. ನನ್ನ ಮಕ್ಕಳೆಲ್ಲ ಅದಾದ ಮೇಲೆ ಹುಟ್ಟಿದವರು. ಅವರಿಗೆ ಪರಿಷತ್ತು ಅಂದರೆ ವಿಧಾನ ಪರಿಷತ್ತು, ಇಲ್ಲವೇ ಸಾಹಿತ್ಯ ಪರಿಷತ್ತು.

ಇದರ ಬಾಲ ಹಿಡಿದೇ ಇನ್ನೊಂದು ಪ್ರಶ್ನೆ. ಎಲ್.ಕೆ. ಅಡ್ವಾಣಿ 1967ರಲ್ಲಿ ಈ ಪರಿಷತ್ತಿನ ಪೀಠದಲ್ಲಿ ಕೂತರು. ಅವರನ್ನು ‘ಸಭಾಪತಿ’ ಅನ್ನಬೇಕಾ, ‘ಅಧ್ಯಕ್ಷ’ ಅನ್ನಬೇಕಾ? ನಮ್ಮಲ್ಲಿ ವಿಧಾನಸಭೆಗೆ ಸಭಾಧ್ಯಕ್ಷರು, ವಿಧಾನ ಪರಿಷತ್ತಿಗೆ ಸಭಾಪತಿಗಳು. ಬಸವರಾಜ ಹೊರಟ್ಟಿಯವರಿಂದಾಗಿ ‘ಸಭಾಪತಿ’ ಹುಬ್ಬಳ್ಳಿಯ ಓಣಿ ಓಣಿಗೂ ಗೊತ್ತು. ದಿಲ್ಲಿಗೂ ಅದನ್ನೇ ಹಾಕಿದರೆ ಮತ್ತೆ ಮೇಲ್ಮನೆಯೇ ಕಣ್ಣ ಮುಂದೆ ಬರುತ್ತದೆ. ನಾನು ಸದ್ಯಕ್ಕೆ ‘ಅಧ್ಯಕ್ಷ’ ಅಂತ ತಿದ್ದಿದ್ದೇನೆ.

1967ರಿಂದ 1990ರ ನಡುವಿನ ಹಳೆಯ ಕನ್ನಡ ಪತ್ರಿಕೆಗಳು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ನೋಡಿ ಹೇಳಿ. ದಿಲ್ಲಿ ಚುನಾವಣೆಯ ಸುದ್ದಿಯಲ್ಲಿ ಯಾವ ಪದ ಬಳಸುತ್ತಿದ್ದರು? ಸುಮ್ನೆ ‘ಕೌನ್ಸಿಲ್’ ಅಂತಲೇ ಬರೆದಿದ್ದರೂ ತಿಳಿಸಿ. ಮುಂದಿನ ಬ್ಯಾಚಿನ ನೋಟ್ಸ್ ಪ್ರಿಂಟಿಗೆ ಹೋಗುವ ಮೊದಲು ಆ ಸಾಲನ್ನು ಸರಿ ಮಾಡಬೇಕು.